ಅಜ್ಜನ ತಿಥಿ, ಅಧಿಕ ಮಾಸ ಮತ್ತು ಮನಾಮದ ಒಂದು ಓದು

ಕೆಲಸದಲ್ಲಿ ನಾನು ಮಾಡಿದ ಬಗ್‌ಗಳಿಗೆ ಲೆಕ್ಕ ಇಲ್ಲ. ಸರಿ ಮಾಡಿ ಮುಂದೆ ಹೋದದ್ದೇ, ನಾಚಿಕೊಂಡದ್ದು ಕಮ್ಮಿ. ಒಂದು ಬಗ್ ಮಾತ್ರ ಈಗ ನೆನಪಾದ್ರೂ ಮುಜುಗರ ಆಗ್ತದೆ. ಅದು ಅಜ್ಜನ ತಿಥಿಯ ಬಗ್.

ಅಜ್ಜ ತೀರಿಕೊಂಡದ್ದು 2022ರ ಸೆಪ್ಟೆಂಬರ್ 20ಕ್ಕೆ, ಭಾದ್ರಪದ ಬಹುಳ ದಶಮಿಯಂದು. ನಾನಾಗ ಮುಹರ್ರಕ್‌ಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಹೋಗ್ಲಿಕ್ಕೆ ಆಗ್ಲಿಲ್ಲ. ಮರುವರ್ಷ ತಿಥಿಯ ದಿನವನ್ನಾದ್ರೂ ಇಲ್ಲೇ ಸರಿಯಾಗಿ ನೆನೆಯುವಾ ಅಂತ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಚಾಂದ್ರಮಾನ ವರ್ಷಕ್ಕೆ 354 ದಿನ ಅಂತ ಎಲ್ಲೋ ಓದಿದ್ದೆ, ಕೂಡಿಸಿದೆ. 2023ರ ಸೆಪ್ಟೆಂಬರ್ 9 ಬಂತು. ಶನಿವಾರ, ರಜೆ ಬೇರೆ. ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ಅಜ್ಜನ ಫೋಟೋ ಎದುರು ದೀಪ ಹಚ್ಚಿ, ಬಂದ ಹಾಗೆ ಪಾಯಸ ಮಾಡಿ, ಊರಿಗೆ ಫೋನ್ ಹಚ್ಚಿದೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಕೇಳಿದ್ರು: "ಚೌತಿಯೇ ಬರ್ಲಿಲ್ಲ ಇನ್ನು. ಅಜ್ಜ ಹೋದದ್ದು ಚೌತಿ ಕಳೆದ ಮೇಲಲ್ವಾ? ಈ ಸಲ ಅಧಿಕ ಶ್ರಾವಣ ಬಂದಿತ್ತು ಮಾರಾಯ, ಇನ್ನೂ ಒಂದು ತಿಂಗಳುಂಟು."

ಪಾಯಸ ತಿಂದು ಮುಗಿಸಿದೆ, ಇನ್ನೇನು ಮಾಡೋದು :-)

ಆ ಅವಮಾನದಲ್ಲಿ ಅಧಿಕ ಮಾಸದ ಲೆಕ್ಕ ಹುಡುಕ್ತಾ ಕೂತವನಿಗೆ ಸಿಕ್ಕಿದ್ದು ಯಹೂದಿಗಳ ಪಂಚಾಂಗ. ಇವತ್ತಿನ ಬರಹ ಅದರ ಬಗ್ಗೆ. ನಾನು ಯಹೂದಿ ಅಲ್ಲ, ಹೀಬ್ರೂ ಬರುವುದಿಲ್ಲ. ಆದ್ರೆ ತಿಥಿ ತಪ್ಪಿಸಿಕೊಂಡವನಿಗೆ ಆ ಪಂಚಾಂಗದಿಂದ ಕಲಿಯೋದು ಬಹಳ ಇದೆ ಅನ್ನಿಸ್ತು.

ನಮ್ಮ ಹಾಗೇ ಅವರದ್ದೂ ಚಂದ್ರನ ತಿಂಗಳು, ಸೂರ್ಯನ ವರ್ಷ. ಹನ್ನೆರಡು ಚಾಂದ್ರಮಾಸ ಸೇರಿದ್ರೆ ಸೂರ್ಯನಿಗಿಂತ ಸುಮಾರು 11 ದಿನ ಹಿಂದೆ ಬೀಳ್ತದೆ. ಇಲ್ಲಿ ನನ್ನ ನೆರೆಹೊರೆಯವರ ಇಸ್ಲಾಮಿ ವರ್ಷ ಅದನ್ನು ತುಂಬಿಸೋದಿಲ್ಲ. ಹಾಗಾಗಿ ರಂಜಾನ್ ಬೇಸಿಗೆ, ಚಳಿ ಎಲ್ಲಾ ಸುತ್ತಿ ಬರ್ತದೆ. ನಾವೂ ಯಹೂದಿಗಳೂ ತುಂಬಿಸ್ತೇವೆ. ಅವರಲ್ಲಿ 19 ವರ್ಷಕ್ಕೆ 7 ಸಲ ಅದಾರ್ ಅನ್ನೋ ತಿಂಗಳು ಎರಡು ಬಾರಿ ಬರ್ತದೆ. ಯಾಕೆಂದ್ರೆ ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪೆಸಾಹ್ ಹಬ್ಬ ವಸಂತದಲ್ಲೇ ಬರಬೇಕು ಅಂತ ಅವರ ಶಾಸ್ತ್ರದಲ್ಲಿದೆ. ಲೆಕ್ಕ ಸುಲಭ. ವರ್ಷದ ಸಂಖ್ಯೆಯನ್ನು 7ರಿಂದ ಗುಣಿಸಿ, 1 ಕೂಡಿಸಿ, 19ರಿಂದ ಭಾಗಿಸಿ. ಶೇಷ 7ಕ್ಕಿಂತ ಕಮ್ಮಿ ಬಂದ್ರೆ ಅಧಿಕ ಮಾಸದ ವರ್ಷ. ಅವರ 5784ನೇ ವರ್ಷಕ್ಕೆ ಶೇಷ ಸೊನ್ನೆ. ಹಾಗಾಗಿ 2024ರಲ್ಲಿ ಎರಡು ಅದಾರ್ ಬಂತು. ಒಂದೇ ಸಾಲಿನ ಕೋಡ್! ನನ್ನ ಪ್ರೋಗ್ರಾಮ್‌ನಲ್ಲಿ ಇಲ್ಲದ್ದು ಇಂಥ ಒಂದು ಸಾಲು.

ಆದ್ರೆ ಮೊದಲಿಂದ್ಲೂ ಹೀಗಿರಲಿಲ್ಲ. ಹಳೆಯ ಕಾಲದಲ್ಲಿ ಜೆರುಸಲೇಮಿನ ನ್ಯಾಯಮಂಡಳಿಯ ಎದುರು ಇಬ್ಬರು ಸಾಕ್ಷಿಗಳು ಬಂದು "ಅಮಾವಾಸ್ಯೆ ಕಳೆದ ಚಂದ್ರನನ್ನು ಕಂಡೆವು" ಅಂತ ಹೇಳಬೇಕಿತ್ತು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚಿ ಸುದ್ದಿ ದಾಟಿಸ್ತಿದ್ರು. ಆಗದವರು ಸುಳ್ಳು ಬೆಂಕಿ ಹಚ್ಚಿ ದಾರಿ ತಪ್ಪಿಸಿದ್ರು ಅಂತಲೂ, ಅದಕ್ಕೇ ಆಮೇಲೆ ದೂತರನ್ನು ಕಳಿಸೋ ಪದ್ಧತಿ ಬಂತು ಅಂತಲೂ ಮಿಶ್ನಾ ಎಂಬ ಗ್ರಂಥದಲ್ಲಿ ಇದೆ. ದೂತರ ಕಾಲು ಎಷ್ಟು ದೂರ ನಡೆದೀತು? ಬ್ಯಾಬಿಲೋನಿನಂಥ ದೂರದ ಊರಿನವರಿಗೆ ತಿಂಗಳು ಶುರುವಾದದ್ದು ಇವತ್ತೋ ನಿನ್ನೆಯೋ ಗೊತ್ತಾಗ್ತಿರಲಿಲ್ಲ. ಅವರು ಒಂದು ಉಪಾಯ ಮಾಡಿದ್ರು: ಪ್ರತಿ ಹಬ್ಬವನ್ನು ಎರಡು ದಿನ ಆಚರಿಸೋದು. ಒಂದಾದ್ರೂ ಸರಿ ಇರ್ತದಲ್ಲ!

ಮುಂದೆ ಲೆಕ್ಕದ ಪಂಚಾಂಗ ಬಂತು. ಇದನ್ನು ಕೊಟ್ಟವನು ಎರಡನೇ ಹಿಲ್ಲೇಲ್, ಕ್ರಿ.ಶ. 358-59ರ ಹೊತ್ತಿಗೆ ಅಂತ ಪರಂಪರೆ ಹೇಳ್ತದೆ. ಪೂರ್ತಿ ಗಟ್ಟಿಯಾಗ್ಲಿಕ್ಕೆ ಮಾತ್ರ ಇನ್ನೂ ಕೆಲವು ಶತಮಾನ ಹಿಡಿಯಿತು. ಅವರಲ್ಲಿ ಒಂದು ಗಂಟೆಗೆ 1080 ಭಾಗ. 921-22ರಲ್ಲಿ ಬ್ಯಾಬಿಲೋನಿನ ಕಡೆಯ ಸಾದಿಯಾ ಗಾವೋನ್ ಮತ್ತು ಪ್ಯಾಲೆಸ್ಟೈನಿನ ಬೆನ್ ಮೇಯಿರ್ ನಡುವೆ ಇಂಥ 642 ಭಾಗದ ವ್ಯತ್ಯಾಸಕ್ಕೆ ದೊಡ್ಡ ಜಗಳವೇ ಆಯ್ತು, ಕೆಲವರು ಒಂದು ದಿನ, ಕೆಲವರು ಇನ್ನೊಂದು ದಿನ ಪೆಸಾಹ್ ಮಾಡಿದ್ರು. ನಮ್ಮಲ್ಲಿ ಏಕಾದಶಿ ಇವತ್ತೋ ನಾಳೆಯೋ ಅಂತ ಮಠಗಳ ಪಂಚಾಂಗಗಳು ಬೇರೆ ಬೇರೆ ಹೇಳೋದಿಲ್ವಾ, ಹಾಗೇ.

ನನಗೆ ಬಹಳ ಹಿಡಿಸಿದ ವಿಷಯ ಮುಂದಿನದ್ದು. ಲೆಕ್ಕ ಸರಿಯಾಗಿ, ಸಂಶಯ ಹೋದ ಮೇಲೂ ಇಸ್ರೇಲಿನ ಹೊರಗಿನ ಸಂಪ್ರದಾಯಸ್ಥ ಯಹೂದಿಗಳು ಎರಡನೇ ದಿನವನ್ನು ಬಿಡಲಿಲ್ಲ. ಇವತ್ತಿಗೂ ಮಾಡ್ತಾರೆ. ಹಿರಿಯರು ಗೊತ್ತಿಲ್ಲದೆ, ದಾರಿ ನೋಡ್ತಾ ಕಳೆದ ದಿನ ಅದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಳೆ ಕೋಡ್, ಯಾವ ಉಪಯೋಗಕ್ಕೂ ಇಲ್ಲ, ತೆಗೆದು ಹಾಕಬಹುದು. ಅವರು ತೆಗೀಲಿಲ್ಲ. ದೂರ ಇರೋದು ಅಂದ್ರೇನು ಅಂತ ನೆನಪಿಟ್ಟುಕೊಳ್ಳೋಕೆ ಒಂದು ದಿನವನ್ನು ಹಾಗೇ ಬಿಟ್ಟುಕೊಂಡಿದ್ದಾರೆ. ಪರದೇಶದಲ್ಲಿ ಕೂತವನಿಗೆ ಇದು ಅರ್ಥ ಆಗ್ತದೆ.

ಪಂಚಾಂಗ ಅಂದ್ರೆ ದಿನ ಎಣಿಸೋದು. ಆ ದಿನಗಳಲ್ಲಿ ಏನು ಮಾಡೋದು ಅನ್ನೋದಕ್ಕೆ ಅವರ ಉತ್ತರ ಓದು. ತೋರಾ ಅಂದ್ರೆ ಮೋಶೆಯ ಐದು ಪುಸ್ತಕ. ಬ್ಯಾಬಿಲೋನಿನ ಸೆರೆಯಿಂದ ವಾಪಸು ಬಂದ ಜನರಿಗೆ ಎಜ್ರಾ ಎಂಬ ಪಂಡಿತ ಏಳನೇ ತಿಂಗಳ ಮೊದಲ ದಿನ ಜೆರುಸಲೇಮಿನ ನೀರುಬಾಗಿಲಿನ ಎದುರು ನಿಂತು ಅದನ್ನು ಗಟ್ಟಿಯಾಗಿ ಓದಿದ, ಓದಿದ್ದನ್ನು ಜನರಿಗೆ ಬಿಡಿಸಿ ಹೇಳುವವರೂ ಇದ್ರು ಅಂತ ನೆಹೆಮೀಯನ ಪುಸ್ತಕದಲ್ಲಿ ಬರ್ತದೆ. ಮುಂದೆ ಅದು ವಾರ ವಾರದ ಕ್ರಮ ಆಯ್ತು. ಇಡೀ ತೋರಾವನ್ನು 54 ಭಾಗ ಮಾಡಿ ಪ್ರತಿ ಶನಿವಾರ ಒಂದು, ಅಧಿಕ ಮಾಸ ಇಲ್ಲದ ವರ್ಷ ಕೆಲವು ವಾರ ಎರಡೆರಡು. ಸೋಮವಾರ, ಗುರುವಾರ ಸಂತೆಯ ದಿನ ಆದ್ದರಿಂದ ಹಳ್ಳಿಯವರು ಬರ್ತಾರೆ ಅಂತ ಅವತ್ತೂ ಸ್ವಲ್ಪ ಓದು. ಶರತ್ಕಾಲದಲ್ಲಿ ಸಿಮ್ಹಾತ್ ತೋರಾ ದಿನ ಕೊನೆಯ ಭಾಗ ಮುಗಿಸಿ, ಸುರುಳಿ ಹಿಡಿದು ಕುಣಿದು, ಅವತ್ತೇ ಮತ್ತೆ ಮೊದಲ ಸಾಲಿನಿಂದ ಶುರು.

ಇದು ಬ್ಯಾಬಿಲೋನಿನವರ ಕ್ರಮ. ಪ್ಯಾಲೆಸ್ಟೈನಿನವರು ನಿಧಾನವಾಗಿ ಸುಮಾರು ಮೂರು ವರ್ಷಕ್ಕೆ ಒಂದು ಸುತ್ತು ಮುಗಿಸ್ತಿದ್ರು. ಸ್ಪೇನಿನ ತುದೇಲಾ ಊರಿನ ಬೆಂಜಮಿನ್ ಎಂಬ ಯಹೂದಿ ಯಾತ್ರಿಕ 1170ರ ಸುಮಾರಿಗೆ ಈಜಿಪ್ಟಿಗೆ ಹೋದಾಗ ಈಗಿನ ಕೈರೋದ ಹಳೇ ಭಾಗ ಫುಸ್ತಾತ್‌ನಲ್ಲಿ ಎರಡು ಪ್ರಾರ್ಥನಾ ಮಂದಿರ ಕಂಡ. ಒಂದರಲ್ಲಿ ಒಂದು ವರ್ಷದ ಓದು, ಇನ್ನೊಂದರಲ್ಲಿ ಮೂರು ವರ್ಷದ್ದು. ಆದ್ರೆ ಸಿಮ್ಹಾತ್ ತೋರಾ ದಿನ ಎರಡೂ ಕಡೆಯವರು ಒಟ್ಟಿಗೆ ಸೇರ್ತಿದ್ರಂತೆ.

ಈಗ ಸ್ವಲ್ಪ ಮಂಗಳೂರಿಗೆ ಹೋಗುವಾ. ಆ ಮೂರು ವರ್ಷದ ಓದಿನವರ ಮಂದಿರದ ಒಂದು ಕೋಣೆಯಲ್ಲಿ ಹಳೇ ಕಾಗದಗಳನ್ನು ಶತಮಾನಗಟ್ಟಲೆ ತುಂಬಿ ಇಟ್ಟಿದ್ರು. ದೇವರ ಹೆಸರಿರುವ ಕಾಗದ ಎಸೀಬಾರದು ಅಂತ. 1896-97ರಲ್ಲಿ ಸಾಲಮನ್ ಶೆಕ್ಟರ್ ಅವುಗಳಲ್ಲಿ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ಒಯ್ದರು. ಅದರಲ್ಲಿ ನಮ್ಮ ಮಂಗಳೂರು ಇತ್ತು! ಟುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೇ ಮಂಗಳೂರಲ್ಲಿದ್ದ, ಮೆಣಸು, ಅಡಿಕೆ, ಕಬ್ಬಿಣ ಎಲ್ಲ ವ್ಯಾಪಾರ, ಜೊತೆಗೆ ಹಿತ್ತಾಳೆ ಪಾತ್ರೆಯ ಕಾರ್ಖಾನೆ. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕ ಓದಿದವರಿಗೆ ಇವನೂ, ಇವನ ಆಳು ಬೊಮ್ಮನೂ ಗೊತ್ತಿರ್ತಾರೆ. 1132ರ ಅಕ್ಟೋಬರ್ 17ರಂದು ಅವನು ಅಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಊರು ಮಂಗಳೂರು, ಆದ್ರೆ ಮೇಲೆ ಹಾಕಿದ ತಾರೀಕು ಯಹೂದಿಗಳ ಮರ್‌ಹೆಶ್ವಾನ್ ತಿಂಗಳು, ಅವರು ಆಗ ಬಳಸ್ತಿದ್ದ ಸೆಲ್ಯೂಸಿಡ್ ಶಕೆ 1444.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಜೆರುಸಲೇಮಿನ ಬೆಂಕಿ ಎಲ್ಲಿ, ನೇತ್ರಾವತಿ ಎಲ್ಲಿ? ಕಾಗದಕ್ಕೂ ಏಡನ್ನಿನ ಗೆಳೆಯರನ್ನೇ ನೆಚ್ಚಿಕೊಂಡಿದ್ದ ಮನುಷ್ಯ, ತಾರೀಕಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಲೆಕ್ಕ ಅವನ ಕೈಯಲ್ಲೇ ಇತ್ತು. 1149ರಲ್ಲಿ ಅವನು ಮಕ್ಕಳನ್ನು ಕರ್ಕೊಂಡು ಏಡನ್‌ಗೆ ವಾಪಸಾದಾಗ ಅಲ್ಲಿನ ದಿನವೂ ಅವನ ದಿನವೂ ಒಂದೇ. ಹದಿನೇಳು ವರ್ಷದ ಮೇಲೂ ಒಂದು ತಿಥಿ ತಪ್ಪಿರಲಿಕ್ಕಿಲ್ಲ. ನನಗೆ ವಾಟ್ಸಾಪ್ ಇದ್ದೂ ಒಂದೇ ವರ್ಷಕ್ಕೆ ತಪ್ಪಿತು.

ಮತ್ತೆ ಮುಹರ್ರಕ್‌ಗೆ ಬರ್ತೀನಿ. ಅದೇ ಬೆಂಜಮಿನ್ ಕತೀಫ್ ಬಗ್ಗೆಯೂ ಬರೆದಿದ್ದಾನೆ. ಕತೀಫ್ ಅಂದ್ರೆ ಬಹರೈನಿನ ಎದುರಿಗೇ ಇರುವ, ಈಗಿನ ಸೌದಿ ಅರೇಬಿಯಾದ ಕರಾವಳಿ. ಅಲ್ಲಿ ಐದು ಸಾವಿರ ಯಹೂದಿಗಳಿದ್ದಾರೆ, ಮುತ್ತಿನ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ ಯಹೂದಿ ಅನ್ನುತ್ತಾನೆ. ಮುತ್ತು ಹೇಗೆ ಆಗ್ತದೆ? ನೀಸಾನ್ ತಿಂಗಳ 24ರಂದು ಮಳೆ ಬೀಳ್ತದೆ, ಸಮುದ್ರದ ಜೀವಿಗಳು ಮೇಲೆ ಬಂದು ಆ ಮಳೆ ಕುಡಿದು ಬಾಯಿ ಮುಚ್ಚಿ ತಳ ಸೇರ್ತವೆ, ತಿಶ್ರಿ ತಿಂಗಳ ನಡುವಿಗೆ ಜನ ಹಗ್ಗ ಹಿಡಿದು ಇಳಿದು ಅವನ್ನು ತೆಗೀತಾರೆ ಅಂತ.

ನಮ್ಮ ಸ್ವಾತಿ ಮಳೆಯ ಕತೆ! ಸ್ವಾತಿ ನಕ್ಷತ್ರದ ಹನಿ ಚಿಪ್ಪಿಗೆ ಬಿದ್ದು ಮುತ್ತಾಗ್ತದೆ ಅಂತ ಅಜ್ಜನೇ ಹೇಳಿದ್ದು. ವಿಜ್ಞಾನಕ್ಕೆ ಎರಡೂ ತಪ್ಪು. ಇಲ್ಲಿನ ದೊಡ್ಡ ಮುಳುಗಿನ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಬೆಂಜಮಿನ್ ಹೇಳಿದ್ದಕ್ಕೆ ಹೊಂದೋದಿಲ್ಲ. ಆದ್ರೆ ಮಳೆ, ತಿಂಗಳು, ಕಾಯೋದು, ಆಳಕ್ಕೆ ಇಳಿಯೋದು ಇವನ್ನೆಲ್ಲ ಒಂದು ಪಂಚಾಂಗಕ್ಕೆ ಪೋಣಿಸೋ ಮನಸ್ಸು ಎರಡೂ ಕಡೆ ಒಂದೇ. ನಾನಿರೋ ಬೀದಿಯಿಂದ ನಡೆದ್ರೆ ಮುತ್ತಿನ ವ್ಯಾಪಾರಿಗಳ ಹಳೇ ಮನೆಗಳು ಸಿಗ್ತವೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮುತ್ತಿನ ಹಾದಿ ಇದೇ.

ಬಹರೈನಿನ ಈಗಿನ ಯಹೂದಿಗಳ ಪೂರ್ವಜರು ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಹೆಚ್ಚಿನವರು ಇರಾಕಿನಿಂದ, ಕೆಲವರು ಇರಾನಿನಿಂದ. ಅಂದ್ರೆ ಅದೇ ಬ್ಯಾಬಿಲೋನಿನ, ವರ್ಷಕ್ಕೊಂದು ಸುತ್ತಿನ ಓದಿನ ಕಡೆಯವರು. ಬಾಗ್ದಾದಿನ ಗುರು ಯೋಸೆಫ್ ಹಯ್ಯೀಂ (1835-1909) 'ಬೆನ್ ಇಶ್ ಹೈ' ಅಂತ ಒಂದು ಪುಸ್ತಕ ಬರೆದಿದ್ದಾರೆ. ಅದರಲ್ಲಿ ಮನೆಯ, ಅಡುಗೆಯ, ವ್ಯವಹಾರದ ನಿಯಮಗಳನ್ನೆಲ್ಲ ವಾರದ ಓದಿನ ಕ್ರಮದಲ್ಲಿ, ಎರಡು ವರ್ಷದ ಸುತ್ತಾಗಿ ಜೋಡಿಸಿದ್ದಾರೆ. ಓದು ಬೇರೆ, ಬದುಕು ಬೇರೆ ಅಂತ ಇಲ್ಲ. ಈ ವಾರದ ಕತೆ, ಈ ವಾರದ ನಡತೆ. ಒಂದೇ ಸಲ ಸಂತ ಆಗು ಅಂತ ಯಾರೂ ಹೇಳೋದಿಲ್ಲ, ವಾರಕ್ಕೆ ಇಷ್ಟು ಸಾಕು.

ಮನಾಮದ ಸೂಕ್‌ನಲ್ಲಿ, ಶ್ರೀನಾಥಜಿ ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಾಸಾ ರಸ್ತೆಯಲ್ಲಿ ಇವರ ಪ್ರಾರ್ಥನಾ ಮಂದಿರ ಎದ್ದದ್ದು 1930ರ ದಶಕದಲ್ಲಿ. ಆಗ ಇಲ್ಲಿದ್ದದ್ದು ಕೆಲವು ನೂರು ಯಹೂದಿಗಳು. 1947ರ ನವೆಂಬರ್ 29ಕ್ಕೆ ವಿಶ್ವಸಂಸ್ಥೆ ಪ್ಯಾಲೆಸ್ಟೈನ್ ವಿಭಜನೆಗೆ ಮತ ಹಾಕಿತು. ಒಂದು ವಾರದೊಳಗೆ, ಡಿಸೆಂಬರ್ 5ರಂದು, ಮನಾಮದಲ್ಲಿ ಗುಂಪು ಯಹೂದಿಗಳ ಮನೆ, ಅಂಗಡಿಗೆ ನುಗ್ಗಿತು. ಮಂದಿರ ಲೂಟಿಯಾಗಿ ಹಾಳಾಯ್ತು, ಒಬ್ಬ ವೃದ್ಧೆ ಪ್ರಾಣ ಕಳಕೊಂಡರು. ಅನೇಕ ಅರಬ್ ಮನೆಯವರು ತಮ್ಮ ಯಹೂದಿ ನೆರೆಯವರನ್ನು ಒಳಗೆ ಕರೆದು ಕಾಪಾಡಿದ್ರು ಅಂತ ಆಗ ಇಲ್ಲಿ ಸಲಹೆಗಾರನಾಗಿದ್ದ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಬೆಲ್‌ಗ್ರೇವ್ ಬರೆದಿದ್ದಾನೆ. ಅದೂ ನಿಜ, ಇದೂ ನಿಜ.

ಆ ದಿನ ಯಾವ ವಾರ ಅಂತ ನೋಡಿದೆ. ಶುಕ್ರವಾರ. ಸಂಜೆಗೆ ಶಬ್ಬತ್ ಶುರು. ಮರುದಿನ, ಕಿಸ್ಲೇವ್ ತಿಂಗಳ 23. ಆ ಶನಿವಾರಕ್ಕೆ ಬರುವ ಓದು ಯಾವುದು ಅಂತ ಲೆಕ್ಕ ಹಾಕಿದ್ರೆ, 'ವಯ್ಯೇಶೆವ್' ಎಂಬ ಭಾಗ. ಅದರಲ್ಲಿರುವ ಕತೆ ಯೋಸೇಫನದ್ದು: ಸ್ವಂತ ಅಣ್ಣಂದಿರೇ ಅವನ ಅಂಗಿ ಕಿತ್ತುಕೊಂಡು, ಬಾವಿಗೆ ನೂಕಿ, ದಾರಿಯಲ್ಲಿ ಹೋಗುವ ವ್ಯಾಪಾರಿಗಳಿಗೆ ಮಾರಿಬಿಡ್ತಾರೆ. ನನ್ನ ಮುಹರ್ರಕ್‌ನ ನೆರೆಯವರಿಗೂ ಇದು ಗೊತ್ತಿರುವ ಕತೆ. ಕುರಾನಿನಲ್ಲಿ ಯೂಸುಫನ ಹೆಸರಲ್ಲಿ ಒಂದು ಅಧ್ಯಾಯವೇ ಇದೆ.

ಪಂಚಾಂಗ ಯಾರನ್ನೂ ಕೇಳಿ ಆ ಭಾಗವನ್ನು ಆ ದಿನಕ್ಕೆ ಇಡಲಿಲ್ಲ. ಅದು ಸುಮ್ಮನೆ ಸರದಿ. ಅದರ ಹಿಂದಿನ ವರ್ಷವೂ ಅದೇ ಕತೆ ಓದಿರ್ತಾರೆ, ಮುಂದಿನ ವರ್ಷವೂ. ಆದ್ರೆ 1948ರಲ್ಲಿ ಅದನ್ನು ಓದಿದವನಿಗೆ ಬಾವಿ ಅಂದ್ರೇನು ಅಂತ ಬೇರೆ ರೀತಿ ಗೊತ್ತಿರ್ತದೆ. ಸಾಲು ಬದಲಾಗಲಿಲ್ಲ, ಓದುವವನು ಬದಲಾದ. ಆಧ್ಯಾತ್ಮಿಕ ಬೆಳವಣಿಗೆ ಅಂತಾರಲ್ಲ, ಅದನ್ನು ಅಳೆಯೋಕೆ ಇದಕ್ಕಿಂತ ಸರಳವಾದ ಅಳತೆಗೋಲು ನನಗೆ ಕಂಡಿಲ್ಲ: ಅಲುಗದ ಒಂದು ಗೆರೆ, ಪ್ರತಿ ವರ್ಷ ಅದರ ಪಕ್ಕ ನಿಂತು ನೋಡಿಕೊಳ್ಳೋದು.

ಮುಂದಿನ ವರ್ಷಗಳಲ್ಲಿ, ಮುಖ್ಯವಾಗಿ 1967ರ ಯುದ್ಧದ ನಂತರ, ಹೆಚ್ಚಿನವರು ಬ್ರಿಟನ್, ಅಮೆರಿಕ ಅಂತ ಹೋದ್ರು. ಉಳಿದವರು ಐವತ್ತರ ಆಸುಪಾಸು. ಸಣ್ಣ ಗುಂಪಾದ್ರೂ ಹುದಾ ನೋನೂ 2008ರಿಂದ 2013ರವರೆಗೆ ಅಮೆರಿಕದಲ್ಲಿ ಬಹರೈನಿನ ರಾಯಭಾರಿಯಾಗಿದ್ರು. ಆದ್ರೆ ಒಂದು ಸಮಸ್ಯೆ ಇತ್ತು. ಸುರುಳಿ ತೆರೆದು ಸಾರ್ವಜನಿಕವಾಗಿ ಓದಬೇಕಾದ್ರೆ, ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಹೇಳಬೇಕಾದ್ರೆ, ಸಂಪ್ರದಾಯದ ಪ್ರಕಾರ ಹತ್ತು ಗಂಡಸರು ಬೇಕು. ಒಂಬತ್ತು ಪಂಡಿತರಿದ್ರೂ ಆಗೋದಿಲ್ಲ, ಏನೂ ಬಾರದ ಹತ್ತು ಜನ ಇದ್ರೆ ಆಗ್ತದೆ. ಅವರ ಸಾವಿನ ತಿಥಿಯೂ ನಮ್ಮ ಹಾಗೇ ಚಾಂದ್ರಮಾನದ್ದು. ದಿನ ಲೆಕ್ಕ ಹಾಕ್ಲಿಕ್ಕೆ ಒಬ್ಬ ಸಾಕು, ನೆನೆಯೋಕೆ ಹತ್ತು ಜನ.

ಮತ್ತೆ ಕಟ್ಟಿದ ಮಂದಿರವನ್ನು 2021ರಲ್ಲಿ ಹೊಸದಾಗಿ ಸಜ್ಜು ಮಾಡಿದ್ರು. ಹಿಂದಿನ ವರ್ಷ ಬಹರೈನ್ ಇಸ್ರೇಲ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತ್ತು. ಆಗಸ್ಟ್‌ನಲ್ಲಿ, 74 ವರ್ಷದ ಮೇಲೆ, ಅಲ್ಲಿ ಮತ್ತೆ ಶಬ್ಬತ್ ಪ್ರಾರ್ಥನೆ ನಡೆಯಿತು. ಓದಿನ ಸುತ್ತು ಐದನೇ ಪುಸ್ತಕದಲ್ಲಿತ್ತು. ಆ ತಿಂಗಳ ಭಾಗಗಳಲ್ಲೊಂದರಲ್ಲಿ ಕಳೆದುಹೋದ ವಸ್ತುವಿನ ನಿಯಮ ಬರ್ತದೆ: ಬೇರೆಯವರ ಎತ್ತು ದಾರಿ ತಪ್ಪಿದ್ದು ಕಂಡ್ರೆ ಕಾಣದವರ ಹಾಗೆ ಹೋಗಬೇಡ, ಒಡೆಯ ಬರುವವರೆಗೆ ಇಟ್ಟುಕೊಂಡು ವಾಪಸು ಕೊಡು ಅಂತ.

ಎಲ್ಲಾ ಸರಿಹೋಯ್ತು ಅಂತ ಕತೆ ಮುಗಿಸೋ ಹಾಗಿಲ್ಲ. ಅಜ್ಜನ ನಿಜವಾದ ತಿಥಿ ಬಂದದ್ದು 2023ರ ಅಕ್ಟೋಬರ್ 8ಕ್ಕೆ. ಹಿಂದಿನ ದಿನ, ಇಸ್ರೇಲಿನಲ್ಲಿ ಓದಿನ ಸುತ್ತು ಮುಗಿಸಿ ಕುಣಿಯಬೇಕಿದ್ದ ದಿನವೇ, ಹಮಾಸ್ ದಾಳಿ. ಆಮೇಲೆ ಗಾಜಾದ ಯುದ್ಧ, ಅಲ್ಲಿನ ಸಾವುಗಳು. ನಾನು ದೀಪ ಹಚ್ಚಿ ಕೂತಿದ್ದಾಗ ಪಕ್ಕದ ಮನೆಯ ಟೀವಿಯಿಂದ ಅರಬ್ಬಿ ಸುದ್ದಿ ಕೇಳ್ತಾ ಇತ್ತು. ಯಾರ ಮನೆಯಲ್ಲಿ ಯಾರಿಗೆ ಯಾವ ತಿಥಿ ಬರೆದಾಯ್ತೋ. ಪಂಚಾಂಗ ಅದನ್ನು ತಡೆಯೋದಿಲ್ಲ. ನೆನಪಿಡ್ತದೆ ಅಷ್ಟೇ.

ಅವರ ಪದ್ಧತಿಯಲ್ಲಿ ನಾನು ಕದ್ದುಕೊಂಡದ್ದು ಎರಡು. ಒಂದು, ಎಣಿಸೋದು. ಪೆಸಾಹ್‌ನ ಎರಡನೇ ರಾತ್ರಿಯಿಂದ 49 ದಿನ, ಪ್ರತಿ ರಾತ್ರಿ ಬಾಯಿಬಿಟ್ಟು ಎಣಿಸ್ತಾರೆ: ಇವತ್ತಿಗೆ ಇಷ್ಟು ದಿನ, ಇಷ್ಟು ವಾರ. ಏಳು ವಾರಕ್ಕೆ ದಯೆ, ಕಟ್ಟುನಿಟ್ಟು, ಹೀಗೆ ಏಳು ಗುಣ ಹಿಡಿದು ತಿದ್ದಿಕೊಳ್ಳೋ ಕ್ರಮ ಅವರ ಅನುಭಾವಿಗಳದ್ದು. ಒಂದು ಇಡೀ ದಿನ ಎಣಿಸೋಕೆ ಮರೆತ್ರೆ ಮುಂದೆ ಮಂತ್ರ ಹೇಳದೆ ಬರೀ ಎಣಿಕೆ ಮುಂದುವರಿಸಬೇಕು ಅಂತ ನಿಯಮ. ಮರೆತವನನ್ನು ಹೊರಗೆ ಹಾಕೋದಿಲ್ಲ, ಎಣಿಕೆ ನಿಲ್ಲಿಸೋಕೂ ಬಿಡೋದಿಲ್ಲ. ನನ್ನಂಥವರಿಗೇ ಮಾಡಿದ ನಿಯಮ.

ಎರಡನೆಯದು, ವಾರದ ಓದು. ಅಜ್ಜ ಮಳೆಗಾಲದಲ್ಲಿ ಊಟ ಆದ ಮೇಲೆ ಗದುಗಿನ ಭಾರತ ಓದ್ತಿದ್ರು. ಮುಗಿದ್ರೆ ಮತ್ತೆ ಮೊದಲಿಂದ. "ಓದಿದ್ದನ್ನೇ ಯಾಕೆ ಓದ್ತೀರಿ" ಅಂತ ಕೇಳಿದ್ದಕ್ಕೆ "ಹೋದ ವರ್ಷ ಓದಿದ್ದು ನಾನಲ್ಲ" ಅಂದಿದ್ರು. ಆಗ ತಮಾಷೆ ಅಂದ್ಕೊಂಡಿದ್ದೆ. ಆ ಪುಸ್ತಕವನ್ನು ಕಳೆದ ಸಲ ಊರಿಂದ ತಂದೆ. ಹತ್ತು ಪರ್ವವನ್ನು ವಾರಗಳಿಗೆ ಹಂಚಿ, ಅಧಿಕ ಮಾಸ ಬಂದ್ರೆ ಏನು ಅಂತಲೂ ಯೋಚಿಸಿ, ಪಟ್ಟಿ ಮಾಡಿದ್ದೀನಿ. 2026ರಲ್ಲಿ ಅಧಿಕ ಜ್ಯೇಷ್ಠ, ಅದೂ ಪಟ್ಟಿಯಲ್ಲಿದೆ. ಬಹರೈನಿನ ವಾರದ ರಜೆ 2006ರಲ್ಲಿ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾದದ್ದು ನನ್ನ ಪಟ್ಟಿಗೆ ಅನುಕೂಲ. ಶುಕ್ರವಾರ ಸಂಜೆ, ಮಸೀದಿಯ ಬಾಂಗ್ ಮುಗಿದ ಮೇಲೆ, ನಾನು ಓದ್ತೀನಿ. ಫೋನಿನ ಆ ಕಡೆ ಅಮ್ಮ ಕೇಳ್ತಾರೆ, ನಡುಗನ್ನಡ ತಪ್ಪಿ ಓದಿದ್ರೆ ತಿದ್ದುತ್ತಾರೆ. ರೂಮಿನ ಗೆಳೆಯ ಅಡುಗೆಮನೆಯಿಂದಲೇ ಕೇಳ್ತಾನೆ.

ಮೂರು ಜನ ಆಯ್ತು. ಹತ್ತಕ್ಕೆ ಇನ್ನೂ ಏಳು ಕಮ್ಮಿ. ಪರವಾಗಿಲ್ಲ, ಎಣಿಕೆ ನಡೀತಾ ಇದೆ.